ಪಾಲ್ವಣಕರ್ ಬಾಳೂ: ಮೈದಾನ, ಜಾತಿ ಮತ್ತು ನಾಯಕತ್ವದ ಪ್ರಶ್ನೆ

ಕನ್ನಡ ನೆಲದಲ್ಲಿ ಜನಿಸಿಯೂ ಕನ್ನಡದ ಸಾಂಸ್ಕೃತಿಕ ಚರಿತ್ರೆಯಲ್ಲಿ ಅಪರೂಪಕ್ಕೆ ಮಾತ್ರ ಪ್ರಸ್ತಾಪಗೊಳ್ಳುವ ವ್ಯಕ್ತಿಗಳಲ್ಲಿ ಪಾಲ್ವಣಕರ್ ಬಾಳೂ ಒಬ್ಬರು. ಧಾರವಾಡದಲ್ಲಿ ಹುಟ್ಟಿ, ಪುಣೆಯಲ್ಲಿ ಬೆಳೆದು, ಮುಂಬಯಿಯಲ್ಲಿ ಕೀರ್ತಿ ಗಳಿಸಿದ ಈ ಎಡಗೈ ಸ್ಪಿನ್ ಬೌಲರ್ ಇಪ್ಪತ್ತನೆಯ ಶತಮಾನದ ಮೊದಲೆರಡು ದಶಕಗಳಲ್ಲಿ ಭಾರತೀಯ ಕ್ರಿಕೆಟ್ಟಿನ ಅಗ್ರಗಣ್ಯ ಆಟಗಾರರೆನಿಸಿದ್ದರು. ಅದೇ ಕಾಲದಲ್ಲಿ ಅವರು ಅಸ್ಪೃಶ್ಯರೆಂದು ಪರಿಗಣಿತವಾಗಿದ್ದ ಚಮ್ಮಾರ ಸಮುದಾಯಕ್ಕೆ ಸೇರಿದವರೂ ಆಗಿದ್ದರು. ಈ ಎರಡು ಸಂಗತಿಗಳು ಒಂದೇ ವ್ಯಕ್ತಿಯಲ್ಲಿ ಕೂಡಿದಾಗ ವಸಾಹತುಕಾಲದ ಹಿಂದೂ ಸಮಾಜವು ಹೇಗೆ ವರ್ತಿಸಿತು, ಯಾವುದನ್ನು ಬಿಟ್ಟುಕೊಟ್ಟಿತು, ಯಾವುದನ್ನು ಕೊನೆಯವರೆಗೂ ಬಿಟ್ಟುಕೊಡಲಿಲ್ಲ ಎಂಬುದನ್ನು ಅವರ ಕ್ರೀಡಾಬದುಕಿನ ಹಂತಗಳ ಮೂಲಕ ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬಾಳೂ ಅವರ ಬದುಕನ್ನು ಕುರಿತ ಆಕರಗಳು ಮುಖ್ಯವಾಗಿ ಮೂರು ಬಗೆಯವು. ಪಂದ್ಯಗಳ ಅಂಕಪಟ್ಟಿಗಳು ಮತ್ತು ಅಂದಿನ ಪತ್ರಿಕಾ ವರದಿಗಳು ಮೊದಲನೆಯ ಬಗೆ. ಅವರ ತಮ್ಮ ವಿಠ್ಠಲ ಅವರು ಮರಾಠಿಯಲ್ಲಿ ಬರೆದು 1948ರಲ್ಲಿ ಪ್ರಕಟವಾದ ‘ಮಾಝೆ ಕ್ರೀಡಾ ಜೀವನ’ ಎಂಬ ಆತ್ಮಕಥನ ಎರಡನೆಯದು. ಪುಣೆ ಮುಂಬಯಿಗಳ ಕ್ರಿಕೆಟ್ ವಲಯದಲ್ಲಿ ಬಾಯಿಂದ ಬಾಯಿಗೆ ಹರಿದುಬಂದ ಐತಿಹ್ಯಗಳು ಮೂರನೆಯದು. ಈ ಮೂರನ್ನೂ ಒಟ್ಟುಗೂಡಿಸಿ ಬಾಳೂ ಅವರನ್ನು ಮತ್ತೆ ಓದುಗರ ಮುಂದಿಟ್ಟದ್ದು ಭಾರತೀಯ ಕ್ರಿಕೆಟ್ಟಿನ ಸಾಮಾಜಿಕ ಚರಿತ್ರೆಯನ್ನು ಕುರಿತು ರಾಮಚಂದ್ರ ಗುಹಾ ಅವರು 2002ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಗ್ರಂಥ. ಅಂಕಪಟ್ಟಿಯು ಪಡೆದ ವಿಕೆಟ್ಟುಗಳನ್ನು ಹೇಳುತ್ತದೆಯೇ ಹೊರತು ಆಟಗಾರನು ಎಲ್ಲಿ ಕುಳಿತು ಚಹಾ ಕುಡಿದನೆಂಬುದನ್ನು ಹೇಳುವುದಿಲ್ಲ. ಅದನ್ನು ಹೇಳುವುದು ನೆನಪು ಮತ್ತು ಐತಿಹ್ಯ. ಆದ್ದರಿಂದ ಬಾಳೂ ಅವರ ಚರಿತ್ರೆಯನ್ನು ಬರೆಯುವವರು ಲಿಖಿತ ಮತ್ತು ಮೌಖಿಕ ಆಕರಗಳೆರಡನ್ನೂ ಎದುರುಬದುರು ಇಟ್ಟು ನೋಡಬೇಕಾಗುತ್ತದೆ.

ಧಾರವಾಡ, ಕೊಂಕಣ ಮತ್ತು ಮುಂಬಯಿ ಪ್ರಾಂತ

ಬಾಳೂ ಅವರ ಜನನ ಹತ್ತೊಂಬತ್ತನೆಯ ಶತಮಾನದ ಎಪ್ಪತ್ತರ ದಶಕದ ಮಧ್ಯಭಾಗದಲ್ಲಿ, ಧಾರವಾಡದಲ್ಲಿ ಆಯಿತು. ಕೆಲವರು 1875ನ್ನೂ ಕೆಲವರು 1876ನ್ನೂ ಅವರ ಜನ್ಮವರ್ಷವೆಂದು ಸೂಚಿಸಿದ್ದಾರೆ. ಅವರ ಮನೆತನದ ಹೆಸರು ಕೊಂಕಣ ಸೀಮೆಯ ಪಾಲವಣ ಎಂಬ ಊರಿನಿಂದ ಬಂದದ್ದು. ಅಂದರೆ ಕರಾವಳಿಯ ಊರೊಂದರ ಹೆಸರನ್ನು ಹೊತ್ತ ಕುಟುಂಬವು ಘಟ್ಟವನ್ನು ಹತ್ತಿ ಬಯಲುಸೀಮೆಗೆ ಬಂದಿತ್ತು.

ಈ ಚಲನೆಯನ್ನು ಇಂದಿನ ರಾಜ್ಯಗಳ ಗಡಿಗಳ ಮೂಲಕ ನೋಡಿದರೆ ತಪ್ಪಾಗುತ್ತದೆ. ಅಂದು ಧಾರವಾಡ, ಬೆಳಗಾವಿ, ವಿಜಾಪುರಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಭಟ್ಕಳ, ಹೊನ್ನಾವರ, ಕುಮಟಾಗಳನ್ನೊಳಗೊಂಡ ಉತ್ತರ ಕನ್ನಡವು 1862ರಲ್ಲಿ ಮದ್ರಾಸ್ ಪ್ರಾಂತದಿಂದ ಬೇರ್ಪಟ್ಟು ಮುಂಬಯಿಯ ಆಡಳಿತಕ್ಕೆ ಒಳಪಟ್ಟಿತು. ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು, ಅಘನಾಶಿನಿ ಕಡಲು ಸೇರುವ ಸೀಮೆಯ ಕುಮಟಾ ಬಂದರಿನಿಂದ ಮುಂಬಯಿಗೆ ಸಾಗುತ್ತಿತ್ತು. ಮುಂಬಯಿಯ ಪೇಟೆಯಲ್ಲಿ ಆ ಹತ್ತಿಗೆ ಕುಮಟಾ ಎಂಬ ಹೆಸರೇ ನಿಂತುಹೋಗಿತ್ತು. ಕನ್ನಡ ಜಿಲ್ಲೆಗಳ ಸರಕು ಮಾತ್ರವಲ್ಲದೆ ದುಡಿಮೆಯೂ ಪುಣೆ ಮುಂಬಯಿಗಳತ್ತ ಹರಿಯುತ್ತಿದ್ದ ಕಾಲ ಅದು. ಸೈನ್ಯ, ರೈಲ್ವೆ, ಗಿರಣಿ, ದಂಡುಪ್ರದೇಶ ಇವು ಊರಿನ ಜಾತಿಕಟ್ಟಳೆಯಿಂದ ತುಸುವಾದರೂ ಹೊರಗಿದ್ದ ಉದ್ಯೋಗಗಳಾಗಿದ್ದು, ಅಸ್ಪೃಶ್ಯ ಸಮುದಾಯಗಳಿಗೆ ಹೊಸ ಅವಕಾಶಗಳನ್ನು ಕಲ್ಪಿಸಿದ್ದವು. ಬಾಳೂ ಅವರ ತಂದೆಯೂ ಸೈನ್ಯಕ್ಕೆ ಸಂಬಂಧಿಸಿದ ಉದ್ಯೋಗವನ್ನು ಹಿಡಿದು ಕುಟುಂಬವನ್ನು ಪುಣೆಗೆ ಕರೆದೊಯ್ದರು. ಬಾಳೂ, ಶಿವರಾಮ, ಗಣಪತ, ವಿಠ್ಠಲ ಎಂಬ ನಾಲ್ವರು ಸಹೋದರರೂ ಮುಂದೆ ಕ್ರಿಕೆಟ್ ಆಟಗಾರರಾದರು. ಬಾಳೂ ಮತ್ತು ಶಿವರಾಮ ಮೊದಲು ಆಟ ಕಲಿತದ್ದು ಸೈನ್ಯದ ಅಧಿಕಾರಿಗಳು ಬಿಸುಟಿದ್ದ ದಾಂಡು, ಚೆಂಡುಗಳಿಂದ.

ಪುಣೆಯ ಮೈದಾನದ ಕೆಲಸ

ಬಾಳೂ ಅವರು ಕ್ರಿಕೆಟ್ ಜಗತ್ತನ್ನು ಪ್ರವೇಶಿಸಿದ್ದು ಆಟಗಾರರಾಗಿ ಅಲ್ಲ, ಮೈದಾನದ ಆಳಾಗಿ. ಪುಣೆಯಲ್ಲಿ ಪಾರ್ಸಿಗಳು ನಡೆಸುತ್ತಿದ್ದ ಕ್ಲಬ್ಬೊಂದರಲ್ಲಿ ಪಿಚ್ಚನ್ನು ಗುಡಿಸುವುದು, ರೋಲರ್ ಎಳೆಯುವುದು ಅವರ ಮೊದಲ ಕೆಲಸ. ತಿಂಗಳಿಗೆ ಮೂರು ರೂಪಾಯಿ ಸಂಬಳ. ನಡುನಡುವೆ ಸದಸ್ಯರಿಗೆ ಅಭ್ಯಾಸಕ್ಕೆಂದು ಚೆಂಡೆಸೆಯುವ ಅವಕಾಶವೂ ಸಿಗುತ್ತಿತ್ತು. 1892ರ ಸುಮಾರಿಗೆ ಅವರು ಯುರೋಪಿಯನ್ನರ ಪೂನಾ ಕ್ಲಬ್ಬಿಗೆ ಸೇರಿದರು. ಸಂಬಳ ನಾಲ್ಕು ರೂಪಾಯಿ ಆಯಿತು. ಪಿಚ್ಚಿಗೆ ರೋಲರ್ ಎಳೆದು ಗೆರೆ ಹಾಕುವುದು, ಅಭ್ಯಾಸದ ಬಲೆ ಕಟ್ಟುವುದು, ಟೆನಿಸ್ ಅಂಗಣವನ್ನು ಅಣಿಗೊಳಿಸುವುದು ಇಲ್ಲಿನ ಕೆಲಸಗಳಾಗಿದ್ದವು.

ಅಲ್ಲಿನ ಸದಸ್ಯರೊಬ್ಬರ ಉತ್ತೇಜನದಿಂದ ಅವರು ಬಲೆಯಲ್ಲಿ ನಿಯಮಿತವಾಗಿ ಬೌಲಿಂಗ್ ಮಾಡತೊಡಗಿದರು. ಕ್ಯಾಪ್ಟನ್ ಬಾರ್ಟನ್ ಎಂಬ ಎಡಗೈ ಬೌಲರನ ಸಲೀಸಾದ ಚಲನೆಯನ್ನು ಗಮನಿಸಿ ತಮ್ಮ ಶೈಲಿಯನ್ನು ರೂಪಿಸಿಕೊಂಡರೆಂದು ಹೇಳಲಾಗುತ್ತದೆ. ಅಂದಿನ ಪುಣೆಯ ಪ್ರಸಿದ್ಧ ದಾಂಡಿಗ, ಸೈನ್ಯಾಧಿಕಾರಿ ಜೆ.ಜಿ. ಗ್ರೇಗ್ ಅವರು ಉಳಿದವರಿಗಿಂತ ಮುಂಚಿತವಾಗಿ ಮೈದಾನಕ್ಕೆ ಬಂದು ಬಾಳೂ ಅವರಿಂದ ಗಂಟೆಗಟ್ಟಲೆ ಬೌಲಿಂಗ್ ಮಾಡಿಸಿಕೊಳ್ಳುತ್ತಿದ್ದರು. ತಮ್ಮನ್ನು ಔಟ್ ಮಾಡಿದ ಪ್ರತಿಸಲವೂ ಅವರು ಬಾಳೂ ಅವರಿಗೆ ಎಂಟಾಣೆ ಕೊಡುತ್ತಿದ್ದರೆಂಬ ಐತಿಹ್ಯವಿದೆ. ಐತಿಹ್ಯದ ಸತ್ಯಾಸತ್ಯತೆ ಏನೇ ಇರಲಿ, ಅದರ ಅರ್ಥ ಸ್ಪಷ್ಟ. ತಿಂಗಳಿಗೆ ನಾಲ್ಕು ರೂಪಾಯಿ ದುಡಿಯುವವನಿಗೆ ಎಂಟು ವಿಕೆಟ್ಟುಗಳೆಂದರೆ ಮತ್ತೊಂದು ತಿಂಗಳ ಸಂಬಳ. ಕೌಶಲವು ಕೂಲಿಯ ಲೆಕ್ಕದಲ್ಲಿಯೇ ಬೆಳೆಯಿತು.

ಇಲ್ಲಿ ಗಮನಿಸಬೇಕಾದ ಮತ್ತೊಂದು ಸಂಗತಿ ಇದೆ. ಪೂನಾ ಕ್ಲಬ್ಬಿನಲ್ಲಿ ಬಾಳೂ ನೂರಾರು ಗಂಟೆ ಬೌಲಿಂಗ್ ಮಾಡಿದರೂ ಒಮ್ಮೆಯೂ ಅವರ ಕೈಗೆ ದಾಂಡು ಕೊಡಲಿಲ್ಲ. ವಸಾಹತುಕಾಲದ ಕ್ರಿಕೆಟ್ಟಿನಲ್ಲಿ ದಾಂಡು ಪ್ರತಿಷ್ಠೆಯ ಸಂಕೇತವಾಗಿದ್ದರೆ ಬೌಲಿಂಗ್ ಶ್ರಮದ ಕೆಲಸವಾಗಿತ್ತು. ಇಂಗ್ಲೆಂಡಿನಲ್ಲಿಯೇ ಹಣಕ್ಕಾಗಿ ಆಡುವ ವೃತ್ತಿಪರರು ಮತ್ತು ಹವ್ಯಾಸಕ್ಕಾಗಿ ಆಡುವ ಕುಲೀನರು ಎಂಬ ವಿಭಜನೆ ಇತ್ತು. ಈ ಎರಡು ವರ್ಗಗಳ ನಡುವಿನ ಪಂದ್ಯ 1806ರಲ್ಲಿ ಆರಂಭವಾಗಿ 1962ರವರೆಗೂ ನಡೆದುಬಂತು. ಬೌಲಿಂಗಿನ ದುಡಿಮೆ ಹೆಚ್ಚಾಗಿ ವೃತ್ತಿಪರರದು, ನಾಯಕತ್ವ ಬಹುಮಟ್ಟಿಗೆ ಕುಲೀನರದು. ಇಪ್ಪತ್ತನೆಯ ಶತಮಾನದಲ್ಲಿ ವೃತ್ತಿಪರ ಆಟಗಾರನೊಬ್ಬ ಇಂಗ್ಲೆಂಡ್ ತಂಡದ ನಿಯತ ನಾಯಕನಾಗಲು 1952ರವರೆಗೆ, ಲೆನ್ ಹಟನ್ ಅವರವರೆಗೆ ಕಾಯಬೇಕಾಯಿತು. ಅಲ್ಲಿನ ವರ್ಗಭೇದವು ಭಾರತಕ್ಕೆ ಬಂದಾಗ ಇಲ್ಲಿನ ಜಾತಿಭೇದದೊಂದಿಗೆ ಬೆಸೆದುಕೊಂಡಿತು. ಬಾಳೂ ಅವರ ಬದುಕಿನ ಮುಂದಿನ ಘಟನೆಗಳನ್ನು ಈ ಹಿನ್ನೆಲೆಯಲ್ಲಿ ಅರ್ಥೈಸಿಕೊಳ್ಳಬೇಕು.

ಚೆಂಡು ಮತ್ತು ಬಟ್ಟಲು

ಗ್ರೇಗ್ ಅವರನ್ನು ಔಟ್ ಮಾಡಬಲ್ಲ ಬೌಲರನೊಬ್ಬ ಪುಣೆಯಲ್ಲಿದ್ದಾನೆಂಬ ಸುದ್ದಿ ಹರಡಿದಾಗ ಪೂನಾ ಹಿಂದೂ ತಂಡದವರ ಮುಂದೆ ಸಂದಿಗ್ಧವೊಂದು ಎದುರಾಯಿತು. ಯುರೋಪಿಯನ್ನರನ್ನು ಸೋಲಿಸಬೇಕಾದರೆ ಬಾಳೂ ಬೇಕು. ಬಾಳೂ ಬೇಕಾದರೆ ಅವರು ಮುಟ್ಟಿದ ಚೆಂಡನ್ನು ಉಳಿದವರೂ ಮುಟ್ಟಬೇಕು. ತಂಡದ ತೆಲುಗು ಸದಸ್ಯರು ಬಾಳೂ ಅವರ ಪರವಾಗಿದ್ದರು. ಸ್ಥಳೀಯ ಮರಾಠಿ ಬ್ರಾಹ್ಮಣ ಸದಸ್ಯರಲ್ಲಿ ಹಲವರು ವಿರೋಧಿಸಿದರು. ಬಾಳೂ ಅವರಂತಹ ಬೌಲರನ್ನು ಹೊರಗಿಡುವುದು ಹಿಂದೂಗಳ ಮೂರ್ಖತನವಾದೀತೆಂದು ಗ್ರೇಗ್ ಪತ್ರಿಕೆಯ ಮೂಲಕ ಅಭಿಪ್ರಾಯಪಟ್ಟರೆಂದು ತಿಳಿದುಬರುತ್ತದೆ. ಕೊನೆಗೆ ಬಾಳೂ ತಂಡಕ್ಕೆ ಸೇರ್ಪಡೆಯಾದರು.

ಸೇರ್ಪಡೆಯ ಸ್ವರೂಪವನ್ನು ವಿವರವಾಗಿ ನೋಡಬೇಕು. ಮೈದಾನದೊಳಗೆ ಎಲ್ಲರೂ ಒಂದೇ ಚೆಂಡನ್ನು ಮುಟ್ಟುತ್ತಿದ್ದರು. ಚಹಾ ವಿರಾಮದಲ್ಲಿ ಉಳಿದ ಆಟಗಾರರು ಒಳಗೆ ಕುಳಿತು ಪಿಂಗಾಣಿ ಬಟ್ಟಲುಗಳಲ್ಲಿ ಚಹಾ ಕುಡಿದರೆ, ಬಾಳೂ ಅವರಿಗೆ ಹೊರಗೆ, ಬಳಸಿ ಎಸೆಯುವ ಮಣ್ಣಿನ ಕುಡಿಕೆಯಲ್ಲಿ ಚಹಾ ಕೊಡಲಾಗುತ್ತಿತ್ತು. ಕೈಕಾಲು ತೊಳೆಯಬೇಕಾದರೆ ಅಸ್ಪೃಶ್ಯನಾದ ಸೇವಕನೊಬ್ಬ ಮೈದಾನದ ಮೂಲೆಯಲ್ಲಿ ನೀರು ಹೊಯ್ಯುತ್ತಿದ್ದ. ಊಟಕ್ಕೆ ಪ್ರತ್ಯೇಕ ತಟ್ಟೆ, ಪ್ರತ್ಯೇಕ ಮೇಜು. ಇದೇ ವಸ್ತುಸ್ಥಿತಿಯನ್ನು ಸಾಂಪ್ರದಾಯಿಕ ಗ್ರಾಮವ್ಯವಸ್ಥೆಯಲ್ಲಿಯೂ ಕಾಣಬಹುದು. ಚಮ್ಮಾರನು ಹೊಲಿದ ಚರ್ಮದ ವಸ್ತು ಎಲ್ಲರಿಗೂ ಬೇಕು, ಆದರೆ ಅವನೊಂದಿಗೆ ಸಹಭೋಜನವಿಲ್ಲ. ಚರ್ಮದಿಂದಲೇ ಮಾಡಿದ ಕ್ರಿಕೆಟ್ ಚೆಂಡಿಗೆ ಸಿಕ್ಕ ವಿನಾಯಿತಿ ಅದನ್ನು ಎಸೆದ ಕೈಗೆ ಸಿಗಲಿಲ್ಲ.

ಈ ಕಟ್ಟಳೆ ಮೊದಲಬಾರಿಗೆ ಸಾರ್ವಜನಿಕ ಪ್ರಶ್ನೆಗೆ ಒಳಗಾದದ್ದು ಗೆಲುವಿನ ಸಂದರ್ಭದಲ್ಲಿ. ಸಾತಾರದ ಯುರೋಪಿಯನ್ ಜಿಮಖಾನಾದ ವಿರುದ್ಧದ ಪಂದ್ಯಕ್ಕೆ ಮುನ್ನ ಬಾಳೂ ಅವರ ಸ್ಪಿನ್ನಿಗೆ ನೆರವಾಗದಂತೆ ಪಿಚ್ಚನ್ನು ಒಂದು ವಾರ ರೋಲರ್ ಎಳೆದು ಗಟ್ಟಿಗೊಳಿಸಲಾಗಿತ್ತು. ಆದರೂ ಅವರು ಏಳು ವಿಕೆಟ್ ಪಡೆದು ತಂಡವನ್ನು ಗೆಲ್ಲಿಸಿದರು. ಬಳಿಕ ಪುಣೆಯಲ್ಲಿ ನಡೆದ ಸಾರ್ವಜನಿಕ ಸಮಾರಂಭದಲ್ಲಿ ಮಹಾದೇವ ಗೋವಿಂದ ರಾನಡೆಯವರು ಅವರಿಗೆ ಮಾಲೆ ಹಾಕಿ ಗೌರವಿಸಿದರು. ಜೊತೆಯಲ್ಲಿ ಆಡಬಹುದಾದರೆ ಜೊತೆಯಲ್ಲಿ ಕುಳಿತು ಉಣ್ಣುವುದಕ್ಕೇನು ಅಡ್ಡಿ ಎಂಬುದು ರಾನಡೆಯವರು ಹಿಂದೂ ಆಟಗಾರರ ಮುಂದಿಟ್ಟ ವಿಚಾರ. ಬಾಲಗಂಗಾಧರ ತಿಲಕರೂ ಬಾಳೂ ಅವರನ್ನು ಸಾರ್ವಜನಿಕವಾಗಿ ಪ್ರಶಂಸಿಸಿದರು. ಸಮಾಜಸುಧಾರಣೆಯ ವಿಷಯದಲ್ಲಿ ಪರಸ್ಪರ ಭಿನ್ನ ನಿಲುವಿನವರಾಗಿದ್ದ ಇಬ್ಬರು ನಾಯಕರು ಈ ಒಬ್ಬ ಬೌಲರನ ವಿಷಯದಲ್ಲಿ ಒಂದೆಡೆ ನಿಂತದ್ದು ಗಮನಾರ್ಹ.

ಮುಂಬಯಿ ಮತ್ತು 1906ರ ಗೆಲುವು

1896ರ ಸುಮಾರಿಗೆ ಬಾಳೂ ಮುಂಬಯಿಗೆ ತೆರಳಿದರು. ಸೈನ್ಯದ 112ನೆಯ ಪದಾತಿ ದಳಕ್ಕೆ ಸೇರಿ ಅದರ ಪರವಾಗಿ ಆಡಿದರು. ಮುಂದೆ ಬಾಂಬೆ ಬರೋಡಾ ಆ್ಯಂಡ್ ಸೆಂಟ್ರಲ್ ಇಂಡಿಯಾ ರೈಲ್ವೆಯಲ್ಲಿ ಉದ್ಯೋಗ ಪಡೆದು ಅದರ ತಂಡಕ್ಕೂ ಆಡಿದರು. ಅಂದಿನ ಭಾರತದಲ್ಲಿ ವೃತ್ತಿಪರ ಕ್ರಿಕೆಟಿಗನ ಬದುಕೆಂದರೆ ಹೀಗೆಯೇ ಇತ್ತು. ಆಟಕ್ಕೆಂದೇ ಸಂಬಳವಿರಲಿಲ್ಲ, ಆಟದ ಬಲದಿಂದ ಸಿಕ್ಕ ನೌಕರಿ ಹೊಟ್ಟೆ ಹೊರೆಯುತ್ತಿತ್ತು. 1894ರಲ್ಲಿ ಸ್ಥಾಪನೆಯಾಗಿದ್ದ ಪರಮಾನಂದದಾಸ ಜೀವನದಾಸ ಹಿಂದೂ ಜಿಮಖಾನಾಕ್ಕೆ ಅವರನ್ನು ಸೇರಿಸಿಕೊಳ್ಳುವ ಪ್ರಶ್ನೆ ಬಂದಾಗ ಕೆಲವು ಗುಜರಾತಿ ಸದಸ್ಯರಿಂದ ವಿರೋಧ ವ್ಯಕ್ತವಾಯಿತು. ತಂಡದ ನಾಯಕ ಕೀರ್ತಿಕರ್ ಅವರು ಆ ವಿರೋಧವನ್ನು ಶಮನಗೊಳಿಸಿದರು.

ಮುಂಬಯಿಯಲ್ಲಿ ಕ್ರಿಕೆಟ್ ತಂಡಗಳು ಧರ್ಮ ಮತ್ತು ಜನಾಂಗದ ಆಧಾರದಲ್ಲಿ ರೂಪುಗೊಂಡಿದ್ದವು. ಪಾರ್ಸಿಗಳು ಮತ್ತು ಯುರೋಪಿಯನ್ನರ ನಡುವೆ 1890ರ ದಶಕದಿಂದಲೇ ಪ್ರೆಸಿಡೆನ್ಸಿ ಪಂದ್ಯಗಳು ನಡೆಯುತ್ತಿದ್ದವು. 1906ರ ಫೆಬ್ರವರಿಯಲ್ಲಿ ಹಿಂದೂಗಳು ಯುರೋಪಿಯನ್ನರನ್ನು ಎದುರಿಸಿದರು. ಬಂಗಾಳದ ವಿಭಜನೆಯಾಗಿ ಸ್ವದೇಶಿ ಚಳವಳಿ ಕಾವೇರಿದ್ದ ಸಂದರ್ಭವದು. ಹಿಂದೂಗಳು ಮೊದಲ ಇನಿಂಗ್ಸಿನಲ್ಲಿ 242, ಎರಡನೆಯದರಲ್ಲಿ 160 ರನ್ ಗಳಿಸಿದರು. ಯುರೋಪಿಯನ್ನರು 191 ಮತ್ತು 102 ರನ್ನುಗಳಿಗೆ ಆಲೌಟಾದರು. 109 ರನ್ನುಗಳ ಈ ಗೆಲುವಿನಲ್ಲಿ ಬಾಳೂ ಅವರ ಪಾಲು ಎಂಟು ವಿಕೆಟ್. ಶಿವರಾಮ ಅವರೂ ಆ ತಂಡದಲ್ಲಿದ್ದರು.

ಈ ಗೆಲುವನ್ನು ಮುಂಬಯಿಯ ಸುಧಾರಣಾವಾದಿ ಪತ್ರಿಕೆಯಾದ ಇಂಡಿಯನ್ ಸೋಷಿಯಲ್ ರಿಫಾರ್ಮರ್ ಕ್ರೀಡೆಯ ಸುದ್ದಿಯಾಗಿ ಮಾತ್ರ ನೋಡಲಿಲ್ಲ. ಪುಣೆಯಲ್ಲಿ ಹೊರಗೆ ಕುಳಿತು ಚಹಾ ಕುಡಿಯಬೇಕಾಗಿದ್ದವರನ್ನು ಮುಂಬಯಿಯ ಹಿಂದೂ ಜಿಮಖಾನಾದವರು ಸಹಭೋಜನಕ್ಕೆ ಸೇರಿಸಿಕೊಂಡರೆಂಬುದನ್ನು ಅದು ಎತ್ತಿತೋರಿಸಿತು. ಹೀಗೆ ಬಟ್ಟಲಿನ ಪ್ರಶ್ನೆ ಹತ್ತು ವರ್ಷಗಳಲ್ಲಿ, ನಗರದ ವಾತಾವರಣದಲ್ಲಿ, ಗೆಲುವಿನ ನೆರವಿನಿಂದ ಬಹುಮಟ್ಟಿಗೆ ಬಗೆಹರಿಯಿತು. ಇದಕ್ಕಿಂತ ಜಟಿಲವಾದ ಪ್ರಶ್ನೆ ಮುಂದೆ ಬಂತು. 1907ರಲ್ಲಿ ಹಿಂದೂಗಳನ್ನು ಸೇರಿಸಿಕೊಂಡು ತ್ರಿಕೋನ ಸರಣಿ, 1912ರಲ್ಲಿ ಮುಸ್ಲಿಮರನ್ನು ಸೇರಿಸಿಕೊಂಡು ಚತುಷ್ಕೋನ ಸರಣಿ ಆರಂಭವಾದವು. ಪ್ರತಿವರ್ಷದ ಸರಣಿ ಎಂದಮೇಲೆ ಪ್ರತಿವರ್ಷ ನಾಯಕನ ಆಯ್ಕೆಯೂ ಆಗಬೇಕಿತ್ತು.

1911ರ ಇಂಗ್ಲೆಂಡ್ ಪ್ರವಾಸ

1911ರ ಬೇಸಗೆಯಲ್ಲಿ ಅಖಿಲ ಭಾರತ ತಂಡವೊಂದು ಮೊದಲಬಾರಿಗೆ ಇಂಗ್ಲೆಂಡಿಗೆ ತೆರಳಿತು. ಪಾರ್ಸಿ, ಹಿಂದೂ, ಮುಸ್ಲಿಂ ಆಟಗಾರರನ್ನು ಒಳಗೊಂಡ ಈ ತಂಡದಲ್ಲಿ ಬಾಳೂ, ಶಿವರಾಮ, ಎಂ.ಡಿ. ಪೈ ಅವರೊಂದಿಗೆ ಮೈಸೂರು ಸಂಸ್ಥಾನದ ಬಿ. ಜಯರಾಂ ಅವರೂ ಇದ್ದರು. ನಾಯಕರಾಗಿದ್ದವರು ಪಟಿಯಾಲದ ಯುವ ಮಹಾರಾಜ ಭೂಪಿಂದರ್ ಸಿಂಗ್. ಐದನೆಯ ಜಾರ್ಜ್ ದೊರೆಯ ಪಟ್ಟಾಭಿಷೇಕದ ವರ್ಷವಾದ್ದರಿಂದ ಮಹಾರಾಜರ ಗಮನ ರಾಜಮನೆತನದ ಔತಣಕೂಟಗಳತ್ತ ಹೆಚ್ಚಾಗಿ ಹರಿದು, ಅವರು ಆಡಿದ ಪಂದ್ಯಗಳು ಕಡಿಮೆಯಾದವು.

ತಂಡ ಆಡಿದ 23 ಪಂದ್ಯಗಳಲ್ಲಿ ಗೆದ್ದದ್ದು 6, ಸೋತದ್ದು 15. ಎರಡು ಪಂದ್ಯಗಳು ಡ್ರಾ ಆದವು. ಈ ಸೋಲುಗಳ ನಡುವೆ ಬಾಳೂ ಅವರು ಪ್ರವಾಸದ ಎಲ್ಲ ಪಂದ್ಯಗಳಲ್ಲಿ ಒಟ್ಟು 114 ವಿಕೆಟ್ ಪಡೆದರು. ಅದರಲ್ಲಿ ಪ್ರಥಮ ದರ್ಜೆಯ ಪಂದ್ಯಗಳಲ್ಲಿ ಪಡೆದದ್ದು 75, ಸರಾಸರಿ 20.12. ಕೇಂಬ್ರಿಜ್ ವಿಶ್ವವಿದ್ಯಾಲಯದ ವಿರುದ್ಧ ಒಂದೇ ಇನಿಂಗ್ಸಿನಲ್ಲಿ 103 ರನ್ನಿಗೆ 8 ವಿಕೆಟ್ ಪಡೆದದ್ದು ಅವರ ಜೀವಮಾನದ ಉತ್ತಮ ಸಾಧನೆಯಾಗಿ ಉಳಿಯಿತು. ಕೌಂಟಿ ತಂಡಗಳ ಮೇಲೆ ಭಾರತೀಯರು ಗಳಿಸಿದ ಗೆಲುವುಗಳು ಎರಡೇ. ಲೆಸ್ಟರ್‌ಷೈರ್ ವಿರುದ್ಧದ ಗೆಲುವಿನಲ್ಲಿ ಬಾಳೂ ಹನ್ನೊಂದು ವಿಕೆಟ್ ಪಡೆದರು. ಸಾಮರ್‌ಸೆಟ್ ವಿರುದ್ಧ ಒಂದೇ ವಿಕೆಟ್ಟಿನ ಅಂತರದಿಂದ ದೊರೆತ ಗೆಲುವಿಗೆ ಶಿವರಾಮ ಅವರ ಶತಕ ಕಾರಣವಾಯಿತು. ಅಂದರೆ ಎರಡೂ ಗೆಲುವುಗಳ ಹಿಂದೆ ಪಾಲ್ವಣಕರ್ ಸಹೋದರರಿದ್ದರು. ಆ ಹೊತ್ತಿಗೆ ಬಾಳೂ ಅವರಿಗೆ ಸುಮಾರು ಮೂವತ್ತೈದು ವರ್ಷ, ಭುಜದ ನೋವು ಬೇರೆ ಕಾಡುತ್ತಿತ್ತು. ಚೆಂಡಿನ ವೇಗವನ್ನು ಬದಲಿಸುತ್ತ, ಎರಡೂ ಕಡೆಗೆ ತಿರುಗಿಸುತ್ತ, ದಿನವಿಡೀ ಒಂದೇ ಜಾಗದಲ್ಲಿ ಚೆಂಡನ್ನು ಬೀಳಿಸಬಲ್ಲ ಅವರ ನಿಖರತೆ ಇಂಗ್ಲಿಷ್ ವೀಕ್ಷಕರ ಮೆಚ್ಚುಗೆ ಗಳಿಸಿತು. ಯಾರ್ಕ್‌ಷೈರಿನ ಪ್ರಖ್ಯಾತ ಎಡಗೈ ಬೌಲರ್ ವಿಲ್ಫ್ರೆಡ್ ರೋಡ್ಸ್ ಅವರೊಂದಿಗೆ ಬಾಳೂ ಅವರನ್ನು ಹೋಲಿಸಲಾಯಿತು.

ಇಂಗ್ಲೆಂಡಿನಿಂದ ಮರಳಿದ ಬಾಳೂ ಅವರನ್ನು ಮುಂಬಯಿಯ ಶೋಷಿತ ಸಮುದಾಯಗಳು ಸನ್ಮಾನಿಸಿದವು. ಆ ಸಮಾರಂಭದ ಮಾನಪತ್ರದ ಹಿಂದೆ ಇದ್ದವರು ಆಗಿನ್ನೂ ಎಲ್ಫಿನ್‌ಸ್ಟನ್ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಭೀಮರಾವ್ ಅಂಬೇಡ್ಕರ್ ಎಂದೂ, ಅವರ ಮೊದಲ ಸಾರ್ವಜನಿಕ ಕಾರ್ಯಗಳಲ್ಲಿ ಇದೂ ಒಂದೆಂದೂ ಗುರುತಿಸಲಾಗಿದೆ. ಬಾಳೂ ಅವರು ಆ ಪೀಳಿಗೆಯ ಅಸ್ಪೃಶ್ಯ ಯುವಕರಿಗೆ ಆದರ್ಶವಾಗಿದ್ದರೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ನಾಯಕತ್ವದ ಪ್ರಶ್ನೆ

ಇಂಗ್ಲೆಂಡಿನಲ್ಲಿ ಇಷ್ಟು ಸಾಧಿಸಿದ ಆಟಗಾರನಿಗೆ ಸ್ವಂತ ಸಮುದಾಯದ ತಂಡದ ನಾಯಕತ್ವ ಸಹಜವಾಗಿ ಸಲ್ಲಬೇಕಾಗಿತ್ತು. 1910ರಿಂದಲೇ ಅವರ ಅಭಿಮಾನಿಗಳು ಈ ಬೇಡಿಕೆಯನ್ನು ಮುಂದಿಡುತ್ತ ಬಂದರು. ಆದರೆ ವರ್ಷದಿಂದ ವರ್ಷಕ್ಕೆ ನಾಯಕತ್ವ ಮೇಲ್ಜಾತಿಯ ಆಟಗಾರರಿಗೇ ಹೋಯಿತು. 1913ರಲ್ಲಿ ನಾಯಕರಾದ ಎಂ.ಡಿ. ಪೈ ಅವರು ಸನ್ಮಾನ ಸಮಾರಂಭವೊಂದರಲ್ಲಿ, ಈ ಗೌರವ ಹಿರಿಯರೂ ಅನುಭವಿಗಳೂ ಆದ ಬಾಳೂ ಅವರಿಗೆ ಸಲ್ಲಬೇಕಾಗಿತ್ತೆಂದು ಬಹಿರಂಗವಾಗಿಯೇ ಒಪ್ಪಿಕೊಂಡರು. ಹೀಗೆ ವ್ಯಕ್ತಿಗಳು ಒಪ್ಪಿಕೊಂಡರೂ ಸಂಸ್ಥೆ ಒಪ್ಪಿಕೊಳ್ಳಲಿಲ್ಲ.

ಕನ್ನಡದಲ್ಲಿ ಸೇವಕನನ್ನು ಸೂಚಿಸುವ ಆಳು ಎಂಬ ನಾಮಪದವೂ, ಅಧಿಕಾರ ನಡೆಸುವುದನ್ನು ಸೂಚಿಸುವ ಆಳು ಎಂಬ ಕ್ರಿಯಾಪದವೂ ಉಚ್ಚಾರಣೆಯಲ್ಲಿ ಒಂದೇ. ಬಾಳೂ ಅವರ ವಿಷಯದಲ್ಲಿ ಸಮಾಜವು ಈ ಎರಡರ ನಡುವಿನ ಅಂತರವನ್ನು ಕಟ್ಟುನಿಟ್ಟಾಗಿ ಕಾಯ್ದುಕೊಂಡಿತು. ಬೌಲಿಂಗ್ ಮಾಡುವಾತನು ತಂಡಕ್ಕೆ ಸೇವೆ ಸಲ್ಲಿಸುತ್ತಾನೆ. ನಾಯಕನು ಯಾರು ಎಲ್ಲಿ ನಿಲ್ಲಬೇಕು, ಯಾರು ಯಾವಾಗ ಚೆಂಡೆಸೆಯಬೇಕೆಂಬುದನ್ನು ವಿಧಿಸುತ್ತಾನೆ. ಒಂದೇ ಚೆಂಡನ್ನು ಮುಟ್ಟಲು, ಕೊನೆಗೆ ಒಂದೇ ಪಂಕ್ತಿಯಲ್ಲಿ ಉಣ್ಣಲು ಒಪ್ಪಿದವರು ಅಸ್ಪೃಶ್ಯನೊಬ್ಬನ ಆಜ್ಞೆಯನ್ನು ಪಾಲಿಸಲು ಸಿದ್ಧರಿರಲಿಲ್ಲ. ಅಸ್ಪೃಶ್ಯತೆಯ ಆಚರಣೆ ಸಡಿಲಗೊಂಡ ಮೇಲೂ ಜಾತಿಯ ಅಧಿಕಾರರಚನೆ ಹಾಗೆಯೇ ಉಳಿಯಬಲ್ಲದೆಂಬುದನ್ನು ಈ ದಶಕ ತೋರಿಸಿಕೊಡುತ್ತದೆ.

ಈ ಬಿಕ್ಕಟ್ಟು ಬಹಿರಂಗಕ್ಕೆ ಬಂದದ್ದು 1920ರಲ್ಲಿ. ಆ ವರ್ಷದ ಚತುಷ್ಕೋನ ಸರಣಿಗೆ, ನಲವತ್ತು ದಾಟಿದ್ದ ಬಾಳೂ ಅವರನ್ನು ತಂಡದಿಂದ ಕೈಬಿಡಲಾಯಿತು. ನಾಯಕ ಪೈ ಅವರು ಅನಾರೋಗ್ಯದಿಂದ ಮೊದಲ ಪಂದ್ಯಕ್ಕೆ ಲಭ್ಯವಾಗದಿದ್ದಾಗ ಪುಣೆಯ ಡಿ.ಬಿ. ದೇವಧರ್ ಅವರನ್ನು ನಾಯಕರನ್ನಾಗಿ ಮಾಡಲಾಯಿತು. ತಂಡದಲ್ಲಿ ಅವರಿಗಿಂತ ಹೆಚ್ಚು ಕಾಲ ಆಡಿದ್ದ ಶಿವರಾಮ ಮತ್ತು ವಿಠ್ಠಲ ತಂಡದಿಂದ ಹಿಂದೆ ಸರಿದರು. ತಮ್ಮನ್ನು ಕಡೆಗಣಿಸಿರುವುದಕ್ಕೆ ಜಾತಿಯೇ ಕಾರಣ, ಇದು ಸ್ವಾಭಿಮಾನದ ಪ್ರಶ್ನೆ ಎಂಬುದನ್ನು ಅವರು ಬಹಿರಂಗ ಪತ್ರದ ಮೂಲಕ ಸ್ಪಷ್ಟಪಡಿಸಿದರು. ಮುಂಬಯಿಯಲ್ಲಿ ಈ ಕುರಿತು ವ್ಯಾಪಕ ಚರ್ಚೆ ನಡೆಯಿತು. ಗಾಂಧೀಜಿಯವರ ಅಸಹಕಾರ ಚಳವಳಿ ಆರಂಭವಾಗಿ, ಅಸ್ಪೃಶ್ಯತೆಯ ನಿವಾರಣೆ ರಾಷ್ಟ್ರೀಯ ಹೋರಾಟದ ಭಾಗವಾಗತೊಡಗಿದ್ದ ಕಾಲವದು. ಕೊನೆಗೆ ಹಿಂದೂ ಜಿಮಖಾನಾ ಮಣಿಯಿತು. ಪಾರ್ಸಿಗಳ ವಿರುದ್ಧದ ಅಂತಿಮ ಪಂದ್ಯಕ್ಕೆ ಪೈ ನಾಯಕರಾಗಿ ಮರಳಿದರು. ಬಾಳೂ ಅವರನ್ನು ಉಪನಾಯಕರನ್ನಾಗಿ ಮಾಡಲಾಯಿತು. ತಮ್ಮಂದಿರೂ ತಂಡಕ್ಕೆ ಮರಳಿದರು. ಪಂದ್ಯದ ಒಂದು ಹಂತದಲ್ಲಿ ಪೈ ಅವರು ಮೈದಾನದಿಂದ ಹೊರನಡೆದು ತಂಡವನ್ನು ಬಾಳೂ ಅವರ ಕೈಗೆ ಒಪ್ಪಿಸಿದರು.

ಕಾಲು ಶತಮಾನದ ಸೇವೆಯ ಬಳಿಕ ದೊರೆತ ಈ ಕೆಲವು ಗಂಟೆಗಳೇ ಬಾಳೂ ಅವರ ಪಾಲಿನ ನಾಯಕತ್ವ. 33 ಪ್ರಥಮ ದರ್ಜೆಯ ಪಂದ್ಯಗಳಲ್ಲಿ 15.21ರ ಸರಾಸರಿಯಲ್ಲಿ 179 ವಿಕೆಟ್ ಪಡೆದು ಅವರು ನಿವೃತ್ತರಾದರು. ಪೂರ್ಣಾವಧಿಯ ನಾಯಕತ್ವ ದಕ್ಕಿದ್ದು ಕಿರಿಯ ತಮ್ಮ ವಿಠ್ಠಲ ಅವರಿಗೆ. 1923ರಲ್ಲಿ ಅವರು ಹಿಂದೂ ತಂಡದ ನಾಯಕರಾದರು. ಆ ವರ್ಷ ಗೆದ್ದ ತಂಡದ ನಾಯಕನನ್ನು ಅಭಿಮಾನಿಗಳು ಹೆಗಲ ಮೇಲೆ ಹೊತ್ತು ಮೆರೆಸಿದರು. ಮೇಲ್ಜಾತಿಯವರ ಹೆಗಲ ಮೇಲೆ ಅಸ್ಪೃಶ್ಯನೊಬ್ಬ ಏರಿದ ಆ ದೃಶ್ಯವು ಅಣ್ಣ ಮೈದಾನದ ಆಳಾಗಿ ಸೇರಿದ ಸುಮಾರು ಮೂವತ್ತು ವರ್ಷಗಳ ಬಳಿಕ ಸಾಧ್ಯವಾಯಿತು.

ಪುಣೆ ಒಪ್ಪಂದ ಮತ್ತು 1937ರ ಚುನಾವಣೆ

ನಿವೃತ್ತಿಯ ನಂತರ ಬಾಳೂ ಸಾರ್ವಜನಿಕ ಬದುಕಿಗೆ ಬಂದರು. 1932ರಲ್ಲಿ ಬ್ರಿಟಿಷ್ ಸರ್ಕಾರದ ಕೋಮುವಾರು ತೀರ್ಪು ಅಸ್ಪೃಶ್ಯರಿಗೆ ಪ್ರತ್ಯೇಕ ಮತಕ್ಷೇತ್ರಗಳನ್ನು ನೀಡಿದಾಗ ಅದನ್ನು ವಿರೋಧಿಸಿ ಗಾಂಧೀಜಿ ಯರವಡಾ ಸೆರೆಮನೆಯಲ್ಲಿ ಉಪವಾಸ ಕೈಗೊಂಡರು. ಅಂಬೇಡ್ಕರ್ ಅವರು ಪ್ರತ್ಯೇಕ ಮತಕ್ಷೇತ್ರದ ಪ್ರಬಲ ಪ್ರತಿಪಾದಕರು. ಬಾಳೂ ಅವರು ಎಂ.ಸಿ. ರಾಜಾ ಅವರೊಂದಿಗೆ ಸಂಯುಕ್ತ ಮತಕ್ಷೇತ್ರದ ಪರವಾಗಿದ್ದರು. ಸಂಧಾನದಲ್ಲಿ ಪಾಲ್ಗೊಂಡು, 1932ರ ಸೆಪ್ಟೆಂಬರ್ 24ರ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. ನಲವತ್ತು ವರ್ಷಗಳ ಹಿಂದೆ ನಾಲ್ಕು ರೂಪಾಯಿ ಸಂಬಳಕ್ಕೆ ರೋಲರ್ ಎಳೆದ ಊರಿನಲ್ಲಿಯೇ ಈ ಒಪ್ಪಂದ ನಡೆಯಿತು.

ಮುಂದಿನ ವರ್ಷ ಮುಂಬಯಿ ನಗರಸಭೆಗೆ ಹಿಂದೂ ಮಹಾಸಭೆಯ ಅಭ್ಯರ್ಥಿಯಾಗಿ ನಿಂತು ಬಾಳೂ ಸೋತರು. 1937ರ ಪ್ರಾಂತೀಯ ಶಾಸನಸಭೆಯ ಚುನಾವಣೆಯಲ್ಲಿ ಕಾಂಗ್ರೆಸ್ ಪಕ್ಷವು ಅವರನ್ನು ಅಂಬೇಡ್ಕರ್ ಅವರ ಎದುರಾಳಿಯನ್ನಾಗಿ ಕಣಕ್ಕಿಳಿಸಿತು. ಅಂಬೇಡ್ಕರ್ ಅವರಿಗೆ 13,245 ಮತಗಳೂ ಬಾಳೂ ಅವರಿಗೆ 11,225 ಮತಗಳೂ ಬಂದವು. ತಮ್ಮ ಯೌವನದಲ್ಲಿ ಯಾರನ್ನು ಸನ್ಮಾನಿಸಿದ್ದರೋ ಅವರನ್ನೇ ಅಂಬೇಡ್ಕರ್ ಸೋಲಿಸಬೇಕಾಗಿ ಬಂತು.

ಈ ಮುಖಾಮುಖಿಯನ್ನು ವೈಯಕ್ತಿಕ ವೈರವೆಂದಾಗಲಿ, ಒಬ್ಬರು ಸರಿ ಮತ್ತೊಬ್ಬರು ತಪ್ಪೆಂದಾಗಲಿ ಸರಳೀಕರಿಸುವುದು ಉಚಿತವಲ್ಲ. ಇಬ್ಬರ ನಿಲುವುಗಳ ಹಿಂದೆಯೂ ಇಬ್ಬರ ಅನುಭವಗಳಿವೆ. ಬಾಳೂ ಅವರು ಹಿಂದೂ ಎಂಬ ಹೆಸರಿನ ತಂಡದೊಳಗಿದ್ದುಕೊಂಡೇ ಮಣ್ಣಿನ ಕುಡಿಕೆಯಿಂದ ಪಿಂಗಾಣಿ ಬಟ್ಟಲಿಗೆ, ಅಲ್ಲಿಂದ ಉಪನಾಯಕತ್ವಕ್ಕೆ ಬಂದವರು. ತಮ್ಮ ವಿಠ್ಠಲ ನಾಯಕನಾದುದನ್ನು ಕಣ್ಣಾರೆ ಕಂಡವರು. ಒಳಗಿದ್ದು ಅರ್ಹತೆಯಿಂದ ಮನವೊಲಿಸಬಹುದೆಂಬ ನಂಬಿಕೆ ಅವರಿಗೆ ಮೈದಾನದಿಂದ ಬಂದದ್ದು. ಅದೇ ಮೈದಾನದ ಚರಿತ್ರೆಯನ್ನು ಮತ್ತೊಂದು ದಿಕ್ಕಿನಿಂದ ಓದಿದರೆ ಅಂಬೇಡ್ಕರ್ ಅವರ ನಿಲುವಿಗೂ ಅಲ್ಲಿ ಆಧಾರ ಸಿಗುತ್ತದೆ. ಅಸಾಧಾರಣ ಅರ್ಹತೆಯುಳ್ಳವನಿಗೂ ಇಪ್ಪತ್ತೈದು ವರ್ಷಗಳ ಸೇವೆಯ ಬಳಿಕ ಕೆಲವು ಗಂಟೆಗಳ ಅಧಿಕಾರವಷ್ಟೇ ಸಿಗುವುದಾದರೆ, ಅರ್ಹತೆಯನ್ನು ತೋರಿಸುವ ಅವಕಾಶವೇ ಇಲ್ಲದ ಲಕ್ಷಾಂತರ ಜನರ ಗತಿಯೇನು ಎಂಬ ಪ್ರಶ್ನೆ ಉಳಿಯುತ್ತದೆ. 1920ರಲ್ಲಿ ಉಪನಾಯಕತ್ವ ದೊರೆತದ್ದು ಕೂಡ ವಿಕೆಟ್ಟುಗಳ ಎಣಿಕೆಯಿಂದಲ್ಲ, ತಮ್ಮಂದಿರು ತಂಡದಿಂದ ಹೊರನಡೆದದ್ದರಿಂದ ಎಂಬುದನ್ನು ಮರೆಯುವಂತಿಲ್ಲ.

ಸಮಾರೋಪ

ಬಾಳೂ ಅವರು 1955ರ ಜುಲೈ 4ರಂದು ಮುಂಬಯಿಯಲ್ಲಿ ನಿಧನರಾದರು. ಭಾರತವು ತನ್ನ ಮೊದಲ ಟೆಸ್ಟ್ ಪಂದ್ಯವನ್ನು ಆಡಿದ್ದು 1932ರ ಜೂನ್ ತಿಂಗಳಲ್ಲಿ, ಅಂದರೆ ಬಾಳೂ ಅವರ ಕ್ರೀಡಾಬದುಕು ಮುಗಿದು ಹನ್ನೊಂದು ವರ್ಷಗಳಾದ ಮೇಲೆ. ಹೀಗಾಗಿ ಟೆಸ್ಟ್ ಆಟಗಾರರ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಆ ಪಂದ್ಯದಲ್ಲಿ ನಾಯಕತ್ವ ವಹಿಸಿದ ಸಿ.ಕೆ. ನಾಯುಡು ಅವರು 1916ರಲ್ಲಿ ಹಿಂದೂ ತಂಡದ ಮೂಲಕವೇ ಮುಂಬಯಿಯ ಪಂದ್ಯಗಳಿಗೆ ಕಾಲಿಟ್ಟವರು.

ಕರ್ನಾಟಕದ ದಲಿತ ಚರಿತ್ರೆ ಮತ್ತು ಮುಂಬಯಿ ಕರ್ನಾಟಕದ ವಲಸೆಯ ಚರಿತ್ರೆಗಳನ್ನು ಕಟ್ಟುವಾಗ ಬಾಳೂ ಅವರನ್ನು ಧಾರವಾಡದ ಹೆಮ್ಮೆಯೆಂದು ಹೆಸರಿಸಿ ಬಿಡುವುದು ಸುಲಭ. ಆದರೆ ಅವರ ಬದುಕು ಹೆಮ್ಮೆಗಿಂತ ಹೆಚ್ಚಾಗಿ ಪರಿಶೀಲನೆಯನ್ನು ಬೇಡುತ್ತದೆ. ಶ್ರಮವನ್ನು ಪಡೆಯುವುದು, ಕೌಶಲವನ್ನು ಹೊಗಳುವುದು, ಪಂಕ್ತಿಯಲ್ಲಿ ಕೂರಿಸಿಕೊಳ್ಳುವುದು, ಅಧಿಕಾರವನ್ನು ಹಂಚಿಕೊಳ್ಳುವುದು ಇವು ಒಂದರ ಹಿಂದೊಂದು ತಾವಾಗಿಯೇ ಬರುವ ಮೆಟ್ಟಿಲುಗಳಲ್ಲವೆಂಬುದನ್ನು ಅದು ತಿಳಿಸುತ್ತದೆ. ಮೊದಲ ಮೂರನ್ನು ಅವರು ತಮ್ಮ ಎಡಗೈಯ ಬಲದಿಂದ ಗಳಿಸಿದರು. ನಾಲ್ಕನೆಯದಕ್ಕೆ ತಮ್ಮಂದಿರ ಪ್ರತಿಭಟನೆ ಬೇಕಾಯಿತು. ವಿಧಾನಸಭೆ, ವಿಶ್ವವಿದ್ಯಾಲಯ, ಕ್ರೀಡಾಸಂಸ್ಥೆಗಳಲ್ಲಿ ಪ್ರಾತಿನಿಧ್ಯದ ಪ್ರಶ್ನೆಯನ್ನು ಅರ್ಹತೆಯ ಪ್ರಶ್ನೆಗೆ ಎದುರಾಗಿ ನಿಲ್ಲಿಸುವ ಚರ್ಚೆಗಳು ನಡೆದಾಗಲೆಲ್ಲ 1910ರಿಂದ 1920ರವರೆಗಿನ ಹಿಂದೂ ತಂಡದ ನಾಯಕರ ಪಟ್ಟಿಯನ್ನೂ, ಅದೇ ಅವಧಿಯ ಬೌಲಿಂಗ್ ಅಂಕಪಟ್ಟಿಯನ್ನೂ ಅಕ್ಕಪಕ್ಕದಲ್ಲಿ ಇಟ್ಟು ನೋಡುವುದು ಉಪಯುಕ್ತ.